ಚೆಂಡು ಬಾರದ ಓಟ

2010ರ ಜುಲೈ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಹನ್ನೊಂದು ಹೆಸರು ಹೇಳಿ ಎಂದು ಫುಟ್‌ಬಾಲ್ ಹುಚ್ಚಿನ ಯಾರನ್ನಾದರೂ ಕೇಳಿ ನೋಡಿ. ಕಸಿಯಾಸ್, ರಾಮೋಸ್, ಪಿಕೆ, ಪುಯೋಲ್ ಎಂದು ಪಟಪಟನೆ ಶುರುವಾಗುತ್ತದೆ. ಬುಸ್ಕೆಟ್ಸ್, ಅಲೊನ್ಸೊ, ಷಾವಿ, ಇನಿಯೆಸ್ತಾ ಎನ್ನುವಾಗ ಮುಖ ಅರಳಿರುತ್ತದೆ. ಪೆಡ್ರೊ, ವಿಯ್ಯಾ ಆದಮೇಲೆ ಮಾತು ನಿಲ್ಲುತ್ತದೆ. ಬೆರಳು ಮಡಿಸಿ ಎಣಿಸಿದರೆ ಹತ್ತೇ. ಇನ್ನೊಬ್ಬರು ಯಾರು? ಮೊದಲಿನಿಂದ ಇನ್ನೊಮ್ಮೆ ಎಣಿಸುತ್ತಾರೆ, ಮತ್ತೆ ಹತ್ತಕ್ಕೇ ನಿಲ್ಲುತ್ತದೆ. ನಮ್ಮ ಗೆಳೆಯರ ಗುಂಪಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ನನಗೆ ಬೇಸರವೇ ಆಗಿದೆ.

ಆ ಹನ್ನೊಂದನೆಯವರು ಜುವಾನ್ ಕಪ್‌ದೆವಿಲಾ. ಆಡುತ್ತಿದ್ದ ಜಾಗ ಲೆಫ್ಟ್ ಬ್ಯಾಕ್, ಅಂದರೆ ರಕ್ಷಣಾ ಸಾಲಿನ ಎಡತುದಿ. ಆ ವಿಶ್ವಕಪ್‌ನಲ್ಲಿ ಸ್ಪೇನ್ ಆಡಿದ್ದು ಏಳು ಪಂದ್ಯ, ಫೈನಲ್‌ನ ಹೆಚ್ಚುವರಿ ಅವಧಿಯೂ ಸೇರಿ 660 ನಿಮಿಷ. ಅಷ್ಟೂ ನಿಮಿಷ ಅವರು ಮೈದಾನದಲ್ಲಿದ್ದರು. ಒಂದು ಪಂದ್ಯವನ್ನೂ ಬೆಂಚಿನ ಮೇಲೆ ಕಳೆಯಲಿಲ್ಲ, ಒಮ್ಮೆಯೂ ಬದಲಿಗೆ ಜಾಗ ಬಿಡಲಿಲ್ಲ. ಫೈನಲ್ ಆರಂಭಿಸಿದ ಹನ್ನೊಂದು ಮಂದಿಯಲ್ಲಿ ಬಾರ್ಸಿಲೋನಾಗೂ ರಿಯಲ್ ಮ್ಯಾಡ್ರಿಡ್‌ಗೂ ಸೇರದವರು ಅವರೊಬ್ಬರೇ. ವಿಯ್ಯಾ ಕೂಡ ಅಷ್ಟರಲ್ಲಿ ಬಾರ್ಸಿಲೋನಾಗೆ ಸಹಿ ಹಾಕಿಯಾಗಿತ್ತು. ಕಪ್‌ದೆವಿಲಾ ಆಗ ಆಡುತ್ತಿದ್ದದ್ದು ವಿಯಾರಿಯಲ್ ಎಂಬ ಕ್ಲಬ್‌ಗೆ. ಸುಮಾರು ಐವತ್ತು ಸಾವಿರ ಜನರಿರುವ, ಟೈಲ್ಸ್ ಕಾರ್ಖಾನೆಗಳಿಂದ ಬದುಕುವ ಊರಿನ ಕ್ಲಬ್ ಅದು.

ಅವರ ಕಥೆ ಹೇಳಬೇಕೆಂದರೆ ಅವರ ಕಸುಬನ್ನು ಮೊದಲು ಪರಿಚಯಿಸಬೇಕು. ಗೋಲು ಹೊಡೆಯುವವರ ಕೆಲಸವನ್ನು ಯಾರೂ ವಿವರಿಸಬೇಕಾಗಿಲ್ಲ, ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಡಿಫೆಂಡರ್‌ನ ಕೆಲಸ ಕಾಣುವುದು ಅವನು ತಪ್ಪಿದಾಗ ಮಾತ್ರ.

ಕಬಡ್ಡಿ ಬಲ್ಲವರಿಗೆ ಇದು ಬೇಗ ಹಿಡಿಯುತ್ತದೆ. ಕಬಡ್ಡಿಯಲ್ಲಿ ಲೆಫ್ಟ್ ಕಾರ್ನರ್ ನಿಲ್ಲುವವನು ರೈಡರ್ ಒಳಬಂದ ಕೂಡಲೇ ಮೇಲೆ ಬೀಳುವುದಿಲ್ಲ. ಕಾಯುತ್ತಾನೆ. ರೈಡರ್‌ನ ಕೈ ಏನೇನೋ ಆಟ ಆಡುತ್ತಿರುತ್ತದೆ, ಅವನು ನೋಡುವುದು ಪಾದವನ್ನು. ಭಾರ ಯಾವ ಕಾಲಿನ ಮೇಲೆ ಬಿತ್ತು ಎಂಬುದು ತಿಳಿದ ಕ್ಷಣದಲ್ಲಿ ಹಿಡಿಯುತ್ತಾನೆ. ಅರೆ ಕ್ಷಣ ಮೊದಲಾದರೆ ರೈಡರ್ ಜಾರಿಕೊಂಡ, ಅರೆ ಕ್ಷಣ ತಡವಾದರೆ ಪಾಯಿಂಟ್ ಹೋಯಿತು. ಲೆಫ್ಟ್ ಬ್ಯಾಕ್‌ನದೂ ಇದೇ ಕಾಯುವ ವಿದ್ಯೆ, ಆದರೆ ನೂರು ಮೀಟರ್ ಉದ್ದದ ಮೈದಾನದಲ್ಲಿ, ತೊಂಬತ್ತು ನಿಮಿಷ ಓಡುತ್ತಲೇ.

ಹೈಸ್ಕೂಲಿನಲ್ಲಿ ನನ್ನನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ನಾನು ಎಡಗಾಲಿನವನು ಎಂಬ ಒಂದೇ ಕಾರಣಕ್ಕೆ. ನಮ್ಮ ಮೈದಾನದ ಎಡಬದಿಗೆ ಉದ್ದಕ್ಕೂ ಒಂದು ಚರಂಡಿಯಿತ್ತು. ಎದುರಾಳಿಯನ್ನು ಚರಂಡಿಯ ಕಡೆಗೇ ತಳ್ಳಿಕೊಂಡು ಹೋಗು, ಒಳಗೆ ಬಿಡಬೇಡ ಎಂದು ಪಿ.ಟಿ. ಮೇಷ್ಟ್ರು ಹೇಳುತ್ತಿದ್ದರು. ಚೆಂಡು ನೋಡಿದರೆ ಮೋಸ ಹೋಗುತ್ತೀಯ, ಅವನ ಸೊಂಟ ನೋಡು, ಸೊಂಟ ಸುಳ್ಳು ಹೇಳುವುದಿಲ್ಲ ಅಂತಲೂ ಹೇಳಿದ್ದರು. ಆ ಎರಡು ಮಾತಿನಲ್ಲಿ ರಕ್ಷಣೆಯ ಅರ್ಧ ಶಾಸ್ತ್ರ ಇತ್ತೆಂದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಟಿವಿಯಲ್ಲಿ ಕಪ್‌ದೆವಿಲಾ ಅವರನ್ನು ನೋಡುವಾಗ.

ಒಳ್ಳೆಯ ಲೆಫ್ಟ್ ಬ್ಯಾಕ್ ಎದುರಾಳಿಗೆ ನೇರ ಮುಖ ಕೊಟ್ಟು ನಿಲ್ಲುವುದಿಲ್ಲ. ದೇಹ ಓರೆಯಾಗಿರುತ್ತದೆ, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಮಂಡಿ ತುಸು ಮಡಿಚಿರುತ್ತದೆ. ಮೈದಾನದ ನಡುವಿನ ದಾರಿಯನ್ನು ಅವನ ಮೈಯೇ ಮುಚ್ಚಿರುತ್ತದೆ. ತೆರೆದಿರುವುದು ಅಂಚಿನ ಗೆರೆಯ ಕಡೆಯ ದಾರಿ. ‘ಬೇಕಾದರೆ ಈ ಕಡೆ ಹೋಗು’ ಎಂದು ನಿಲುವಿನಲ್ಲೇ ಹೇಳಿದ ಹಾಗೆ. ಅಂಚಿಗೆ ಹೋದ ವಿಂಗರ್‌ನ, ಅಂದರೆ ಬದಿಯಿಂದ ದಾಳಿ ಮಾಡುವವನ, ಒಂದು ಬದಿಗೆ ಗೆರೆ ಇರುತ್ತದೆ, ಆ ಗೆರೆಯೂ ಡಿಫೆಂಡರ್‌ನ ಪರವಾಗಿ ಆಡುತ್ತದೆ. ಅವನು ಅಲ್ಲಿಂದ ಕ್ರಾಸ್ ಹೊಡೆಯಬಹುದು, ಆದರೆ ಗೋಲಿಗೆ ನೇರವಾಗಿ ಹೊಡೆಯುವುದು ಕಷ್ಟ.

ಈ ಲೆಕ್ಕ ಕಪ್‌ದೆವಿಲಾ ಅವರ ಕಾಲದಲ್ಲೇ ಬದಲಾಯಿತು. ಹಿಂದೆ ಬಲಬದಿಯ ವಿಂಗರ್ ಬಲಗಾಲಿನವನಾಗಿರುತ್ತಿದ್ದ, ಸಹಜವಾಗಿ ಅಂಚಿಗೇ ಓಡುತ್ತಿದ್ದ. ಆಮೇಲೆ ಎಡಗಾಲಿನ ಆಟಗಾರರನ್ನು ಬಲಬದಿಗೆ ಹಾಕುವ ಪದ್ಧತಿ ಬಂತು. ಮೆಸ್ಸಿ ಹಾಗೆ ಬಂದರು, ರಾಬೆನ್ ಹಾಗೆ ಬಂದರು. ಇವರಿಗೆ ಅಂಚು ಬೇಕಿಲ್ಲ, ಒಳಕ್ಕೆ ತಿರುಗಿ ಎಡಗಾಲಿನಿಂದ ಹೊಡೆಯಬೇಕು. ಇವರು ಒಳಕ್ಕೆ ತಿರುಗಿದಾಗ ಚೆಂಡು ಹೋಗುವುದು ಲೆಫ್ಟ್ ಬ್ಯಾಕ್‌ನ ಬಲಗಾಲಿನ ಕಡೆಗೆ. ಎಡಗಾಲಿನ ಡಿಫೆಂಡರ್‌ಗೆ ಅದು ಬರದ ಕಾಲು. ಹಾಗಾಗಿ ಚೆಂಡು ವಿಂಗರ್‌ನ ಕಾಲಿಗೆ ಸಿಕ್ಕಮೇಲೆ ಹೋರಾಡಿದರೆ ಪ್ರಯೋಜನವಿಲ್ಲ, ಸಿಗುವ ಮೊದಲೇ ಅವನ ಉಸಿರು ತಾಗುವಷ್ಟು ಹತ್ತಿರ ಇರಬೇಕು. ಇದಕ್ಕೆ ಓಟಕ್ಕಿಂತ ಊಹೆ ಮುಖ್ಯ. ಕಪ್‌ದೆವಿಲಾ ಭಾರಿ ವೇಗದ ಓಟಗಾರರೆಂದು ಹೆಸರಾದವರಲ್ಲ. ಅವರು ಬದುಕಿದ್ದೇ ಊಹೆಯ ಮೇಲೆ.

ಈ ಕಸುಬಿನಲ್ಲಿ ಬಾಯಿಗೂ ಕೆಲಸವಿದೆ. ಬೆನ್ನ ಹಿಂದೆ ಯಾರು ಬಂದರು, ಯಾರನ್ನು ಯಾರು ಹಿಡಿಯಬೇಕು, ಗೋಲ್‌ಕೀಪರ್ ಮುಂದೆ ಬರಬೇಕೋ ಬೇಡವೋ ಎಂದು ರಕ್ಷಣಾ ಸಾಲಿನವರು ಎಡೆಬಿಡದೆ ಕೂಗುತ್ತಿರುತ್ತಾರೆ. ಟಿವಿಯಲ್ಲಿ ಅದು ಕೇಳುವುದಿಲ್ಲ. ನಮ್ಮ ಮೈದಾನದಲ್ಲಿ ‘ಹಿಂದೆ ಬಂದ!’, ‘ಬಿಡು, ನಂದು!’ ಎಂದು ಕೂಗುತ್ತಿದ್ದೆವು. ಹೊಸ ಊರಿಗೆ ಹೋದ ಡಿಫೆಂಡರ್ ಮೊದಲು ಕಲಿಯಬೇಕಾದದ್ದು ಆ ಊರಿನ ಭಾಷೆಯ ಈ ನಾಲ್ಕೈದು ಶಬ್ದಗಳನ್ನು. ಕಪ್‌ದೆವಿಲಾ ಇದನ್ನು ಮತ್ತೆ ಮತ್ತೆ ಮಾಡಬೇಕಾಯಿತು. ಕಾಲಿಗೆ ಚಕ್ರ ಕಟ್ಟಿಕೊಂಡವರು ಅಂತಾರಲ್ಲ, ಅಂಥವರು ಅವರು. ಎಂಟು ಕ್ಲಬ್, ಐದು ದೇಶ.

ಅವರು ಹುಟ್ಟಿದ್ದು 1978ರ ಫೆಬ್ರುವರಿ 3ರಂದು, ಕ್ಯಾಟಲೋನಿಯಾದ ಲೇಯ್ದಾ ಪ್ರಾಂತ್ಯದ ತಾರೆಗಾ ಎಂಬ ಪುಟ್ಟ ಊರಿನಲ್ಲಿ. 1981ರಿಂದ ನಡೆದುಬಂದಿರುವ ಬೀದಿನಾಟಕದ ಜಾತ್ರೆಗೆ ಹೆಸರಾದ ಊರದು. ಫುಟ್‌ಬಾಲ್ ಲೋಕಕ್ಕೆ ತಾರೆಗಾ ದೊಡ್ಡ ಹೆಸರಲ್ಲ. ಅಲ್ಲಿಂದ ಹೊರಟ ಹುಡುಗ ಸೇರಿದ್ದು ಬಾರ್ಸಿಲೋನಾ ನಗರದ ಎರಡನೆಯ ಕ್ಲಬ್ ಎಸ್ಪಾನ್ಯೋಲ್. ಜಗತ್ತೆಲ್ಲ ಕಣ್ಣಿಟ್ಟಿರುವ ದೊಡ್ಡಣ್ಣನ ಪಕ್ಕದಲ್ಲೇ ಬದುಕುವ ಕ್ಲಬ್ ಅದು. 1998-99ರಲ್ಲಿ ಅಲ್ಲಿ ಸ್ಪೇನ್‌ನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾ ಆಡಿದರು, ಮರುವರ್ಷವೇ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದರು.

ಆ ಒಂದು ವರ್ಷ ಯಾವ ಹುಡುಗನಿಗೂ ಬೇಡ. ಕ್ಲಬ್‌ನ ಹಣಕಾಸಿನ ಅವ್ಯವಹಾರದ ಪ್ರಕರಣದಲ್ಲಿ ನ್ಯಾಯಾಲಯ ಋತುವಿನ ನಡುವೆಯೇ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈದಾನದಲ್ಲಿ ತಂಡ ಕುಸಿಯುತ್ತಲೇ ಹೋಯಿತು. ಸ್ಪೇನ್‌ನ ದೊಡ್ಡ ಕ್ಲಬ್‌ಗಳಲ್ಲೊಂದಾದ ಅಟ್ಲೆಟಿಕೊ 2000ದಲ್ಲಿ ಎರಡನೆಯ ದರ್ಜೆಗೆ ಜಾರಿತು. ಉಳಿದಿದ್ದ ಒಂದೇ ಆಸೆ ಕಿಂಗ್ಸ್ ಕಪ್ ಫೈನಲ್. ಅಲ್ಲಿ ಎದುರಾದದ್ದು ಕಪ್‌ದೆವಿಲಾ ಹಿಂದಿನ ವರ್ಷ ಬಿಟ್ಟುಬಂದಿದ್ದ ಎಸ್ಪಾನ್ಯೋಲ್. ಅಟ್ಲೆಟಿಕೊದ ಗೋಲ್‌ಕೀಪರ್ ಚೆಂಡನ್ನು ನೆಲಕ್ಕೆ ಪುಟಿಸಿಕೊಂಡು ಒದೆಯಲು ಸಿದ್ಧವಾಗುತ್ತಿದ್ದಾಗ ಎಸ್ಪಾನ್ಯೋಲ್‌ನ ತಮುದೊ ನಡುವೆ ತಲೆಯಿಟ್ಟು ಕಸಿದುಕೊಂಡು ಗೋಲು ಮಾಡಿದ ಪಂದ್ಯ ಅದು. ಅಟ್ಲೆಟಿಕೊ 2-1ರಿಂದ ಸೋತಿತು.

ಆ ಬೇಸಿಗೆಯಲ್ಲಿ ಅಟ್ಲೆಟಿಕೊದಿಂದ ಮೂವರು ಒಟ್ಟಿಗೆ ವಾಯವ್ಯ ತುದಿಯ ಲಾ ಕೊರೂನ್ಯಾಕ್ಕೆ ಹೊರಟರು: ಗೋಲ್‌ಕೀಪರ್ ಮೊಲಿನಾ, ಮಿಡ್‌ಫೀಲ್ಡರ್ ವಲೆರೋನ್ ಮತ್ತು ಕಪ್‌ದೆವಿಲಾ. ಅಲ್ಲಿನ ಡಿಪೋರ್ಟಿವೊ ಕ್ಲಬ್ ಆಗಷ್ಟೇ ತನ್ನ ಇತಿಹಾಸದ ಮೊದಲ ಲೀಗ್ ಪ್ರಶಸ್ತಿ ಗೆದ್ದಿತ್ತು. ಅಟ್ಲಾಂಟಿಕ್ ಸಮುದ್ರದ ದಂಡೆಯ ಊರು, ರೋಮನ್ನರ ಕಾಲದ ದೀಪಸ್ತಂಭ ಇಂದಿಗೂ ಬೆಳಕು ಬೀರುವ ಊರು. ರಿಯಾಸೋರ್ ಕ್ರೀಡಾಂಗಣದಿಂದ ಹೊರಬಂದರೆ ಎದುರಿಗೇ ಕಡಲತೀರ. ಹೊರಟ ಹೊತ್ತಿನಲ್ಲೇ ಇನ್ನೊಂದು ಕರೆಯೂ ಬಂತು. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ಸ್ಪೇನ್ ತಂಡದಲ್ಲಿ ಕಪ್‌ದೆವಿಲಾ ಇದ್ದರು, ಪುಯೋಲ್, ಮಾರ್ಚೆನಾ, ಷಾವಿ ಕೂಡ. ಫೈನಲ್‌ನಲ್ಲಿ ಕ್ಯಾಮರೂನ್ ಎದುರು 2-0 ಮುಂದಿದ್ದು, 2-2 ಆಗಿ, ಪೆನಾಲ್ಟಿಯಲ್ಲಿ ಸೋತು ಬೆಳ್ಳಿ ತಂದರು. ಹತ್ತು ವರ್ಷದ ಮೇಲೆ ಈ ನಾಲ್ವರೂ ಜೊಹಾನ್ಸ್‌ಬರ್ಗ್‌ನಲ್ಲಿ ಒಟ್ಟಿಗೆ ಇರುತ್ತಾರೆ.

ಡಿಪೋರ್ಟಿವೊದಲ್ಲಿ ಕಪ್‌ದೆವಿಲಾ ಏಳು ವರ್ಷ ಇದ್ದರು. ಶುರುವಿನ ವರ್ಷಗಳು ಕಾಯುವಿಕೆಯವು. ಎಡಬದಿಗೆ ಆಗಲೇ ರೊಮೇರೊ ಇದ್ದರು, 2002ರ ವಿಶ್ವಕಪ್‌ಗೆ ಸ್ಪೇನ್ ಕರೆದುಕೊಂಡು ಹೋದ ಡಿಫೆಂಡರ್. ಒಬ್ಬ ಒಳ್ಳೆಯ ಆಟಗಾರ ತನ್ನದೇ ಜಾಗದಲ್ಲಿ ನಿಂತಿರುವಾಗ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಮುನಿಸಿಕೊಳ್ಳದೆ ಅಭ್ಯಾಸ ಮಾಡುವುದು ಸಣ್ಣ ಮಾತಲ್ಲ. ಆ ಕಾಲ ಡಿಪೋರ್ಟಿವೊಗೆ ಸುವರ್ಣಕಾಲ. 2002ರ ಮಾರ್ಚ್ 6ರಂದು ರಿಯಲ್ ಮ್ಯಾಡ್ರಿಡ್ ತನ್ನ ನೂರನೆಯ ಹುಟ್ಟುಹಬ್ಬವನ್ನು ಸ್ವಂತ ಮೈದಾನದಲ್ಲೇ ಕಿಂಗ್ಸ್ ಕಪ್ ಗೆದ್ದು ಆಚರಿಸಲು ಅಣಿಯಾಗಿತ್ತು. ಡಿಪೋರ್ಟಿವೊ 2-1ರಿಂದ ಕಪ್ ಎತ್ತಿಕೊಂಡು ಊರಿಗೆ ಹೋಯಿತು. 2004ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯದಲ್ಲಿ ತನ್ನನ್ನು 4-1ರಿಂದ ಹೊಡೆದಿದ್ದ ಎ.ಸಿ. ಮಿಲಾನ್ ತಂಡವನ್ನು ರಿಯಾಸೋರ್‌ನಲ್ಲಿ 4-0ಯಿಂದ ಮಣಿಸಿತು. ಅಂಥ ಕ್ಲಬ್‌ನಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಅಟ್ಲೆಟಿಕೊದಿಂದ ಒಟ್ಟಿಗೆ ಬಂದ ಮೂವರಲ್ಲಿ ಗೋಲ್‌ಕೀಪರ್ ಆಗಿದ್ದ ಮೊಲಿನಾ ಮುಂದೆ ತರಬೇತುದಾರರಾಗಿ ಕೋಲ್ಕತ್ತಕ್ಕೆ ಬಂದು 2016ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದರು. ಮತ್ತೆ ಬಂದು 2025ರ ಏಪ್ರಿಲ್‌ನಲ್ಲಿ ಮೋಹನ್ ಬಾಗಾನ್ ಪರವಾಗಿ ಅದೇ ಲೀಗ್‌ನ ಫೈನಲ್ ಗೆದ್ದದ್ದು ನಮ್ಮ ಬೆಂಗಳೂರು ಎಫ್‌ಸಿ ಎದುರು. ಆ ರಾತ್ರಿಯ ನೋವು ಇಲ್ಲಿನ ಅಭಿಮಾನಿಗಳಿಗೆ ಇನ್ನೂ ಹಸಿಯಾಗಿದೆ.

2007ರಲ್ಲಿ ಕಪ್‌ದೆವಿಲಾ ವಿಯಾರಿಯಲ್‌ಗೆ ಬಂದರು. ಹಳದಿ ಅಂಗಿಯ ಈ ತಂಡಕ್ಕೆ ಅಭಿಮಾನಿಗಳು ಇಟ್ಟಿರುವ ಹೆಸರು ಹಳದಿ ಜಲಾಂತರ್ಗಾಮಿ. ಚಿಲಿಯ ಮಾನುಯೆಲ್ ಪೆಲೆಗ್ರಿನಿ ತರಬೇತುದಾರ. ಬಂದ ಮೊದಲ ವರ್ಷವೇ ತಂಡ ಲೀಗ್‌ನಲ್ಲಿ 77 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆಯಿತು, ಮೂರನೆಯ ಸ್ಥಾನದ ಬಾರ್ಸಿಲೋನಾಗಿಂತ ಹತ್ತು ಅಂಕ ಮೇಲೆ. ಕ್ರೀಡಾಂಗಣ ತುಂಬಬೇಕೆಂದರೆ ಹೆಚ್ಚುಕಡಿಮೆ ಊರಿನ ಅರ್ಧ ಜನ ಬರಬೇಕಾಗುವಷ್ಟು ಚಿಕ್ಕ ಊರು ಅದನ್ನು ಸಾಧಿಸಿತು. ಅದೇ ಹೊತ್ತಿಗೆ ರಾಷ್ಟ್ರೀಯ ತಂಡದ ಎಡತುದಿಗೆ ತರಬೇತುದಾರ ಲೂಯಿಸ್ ಅರಗೋನೆಸ್ ಕಪ್‌ದೆವಿಲಾ ಅವರನ್ನೇ ನೆಚ್ಚಿಕೊಂಡರು. 2007ರ ನವೆಂಬರ್‌ನಲ್ಲಿ ಸ್ವೀಡನ್ ಎದುರಿನ 3-0 ಗೆಲುವು ಸ್ಪೇನ್‌ಗೆ ಯೂರೊ ಕಪ್ ಬಾಗಿಲು ತೆರೆಯಿತು. ಆ ಪಂದ್ಯದ ಮೊದಲ ಗೋಲು ಕಪ್‌ದೆವಿಲಾ ಅವರದು. ದೇಶಕ್ಕಾಗಿ 60 ಪಂದ್ಯ ಆಡಿ ಅವರು ಹೊಡೆದದ್ದು ಒಟ್ಟು ನಾಲ್ಕು ಗೋಲು, ಅದರಲ್ಲಿ ಇದೊಂದು.

2008ರ ಜೂನ್ 29ರಂದು ವಿಯೆನ್ನಾದಲ್ಲಿ ಜರ್ಮನಿಯನ್ನು 1-0ಯಿಂದ ಸೋಲಿಸಿ ಸ್ಪೇನ್ ಯೂರೊ ಗೆದ್ದಿತು. 1964ರ ಬಳಿಕ ಆ ದೇಶಕ್ಕೆ ಸಿಕ್ಕ ಮೊದಲ ದೊಡ್ಡ ಕಪ್. ಕಪ್‌ದೆವಿಲಾಗೆ ಆಗ ಮೂವತ್ತು. ಬಹಳಷ್ಟು ಆಟಗಾರರು ಇಳಿಮುಖವಾಗುವ ವಯಸ್ಸಿನಲ್ಲಿ ಅವರ ಒಳ್ಳೆಯ ಕಾಲ ಶುರುವಾಗಿತ್ತು.

ಎರಡು ವರ್ಷದ ನಂತರದ ದಕ್ಷಿಣ ಆಫ್ರಿಕಾದ ಆಟದಲ್ಲಿ ನಾನು ಕಣ್ಣು ನೆಟ್ಟು ನೋಡಿದ್ದು ಒಂದೇ ಒಂದು ಸಂಗತಿಯನ್ನು. ತರಬೇತುದಾರ ವಿಸೆಂತೆ ದೆಲ್ ಬೋಸ್ಕೆ ಅವರ ಸ್ಪೇನ್ ತಂಡದಲ್ಲಿ ಎಡಬದಿಯ ಅಂಚಿಗೆ ಅಂಟಿಕೊಂಡು ಆಡುವ ವಿಂಗರ್ ಇರಲಿಲ್ಲ. ಆ ಕಡೆ ಶುರುಮಾಡಿದ ವಿಯ್ಯಾ ಇರಲಿ, ಇನಿಯೆಸ್ತಾ ಇರಲಿ, ಚೆಂಡಿನ ಮೋಹಕ್ಕೆ ಮಧ್ಯಕ್ಕೇ ಸರಿದುಬಿಡುತ್ತಿದ್ದರು. ಮಧ್ಯದಲ್ಲಿ ಷಾವಿ, ಅಲೊನ್ಸೊ, ಬುಸ್ಕೆಟ್ಸ್ ಆಗಲೇ ಇದ್ದಾರೆ. ಎಲ್ಲರೂ ಅಲ್ಲೇ ಸೇರಿಕೊಂಡರೆ ಎದುರಾಳಿಯೂ ಅಲ್ಲೇ ಗುಂಪುಗಟ್ಟುತ್ತಾನೆ, ಪಾಸ್ ಹಾಕಲು ಸಂದು ಸಿಗುವುದಿಲ್ಲ. ಮೈದಾನವನ್ನು ಅಗಲ ಮಾಡುವವರು ಯಾರಾದರೂ ಬೇಕು. ಎಡಬದಿಯಲ್ಲಿ ಆ ಕೆಲಸ ಬಿದ್ದದ್ದು ಹಿಂದೆ ನಿಂತ ಲೆಫ್ಟ್ ಬ್ಯಾಕ್ ಮೇಲೆ.

ಚೆಂಡು ಬಲಬದಿಯಲ್ಲಿ ಓಡಾಡುತ್ತಿರುವಾಗಲೇ ಕಪ್‌ದೆವಿಲಾ ಗೆರೆಯ ಪಕ್ಕದಲ್ಲಿ ಮುಂದಕ್ಕೆ ಓಡುತ್ತಿದ್ದರು, ಐವತ್ತು ಅರವತ್ತು ಮೀಟರ್. ಅವರು ಬಂದದ್ದು ಕಂಡು ಎದುರಾಳಿಯ ಒಬ್ಬ ಡಿಫೆಂಡರ್ ಅವರ ಕಡೆ ಎರಡು ಹೆಜ್ಜೆ ಸರಿಯುತ್ತಿದ್ದ. ಆ ಎರಡು ಹೆಜ್ಜೆಯ ಸಂದಿನಲ್ಲೇ ಇನಿಯೆಸ್ತಾ ತಿರುಗುತ್ತಿದ್ದದ್ದು, ವಿಯ್ಯಾ ನುಸುಳುತ್ತಿದ್ದದ್ದು. ಚೆಂಡು ಕಪ್‌ದೆವಿಲಾಗೆ ಬರುತ್ತಿತ್ತೇ? ಕೆಲವೊಮ್ಮೆ ಬರುತ್ತಿತ್ತು. ಬಹಳ ಸಲ ಬರುತ್ತಿರಲಿಲ್ಲ. ದಾಳಿ ಮುಗಿದ ಕೂಡಲೇ ಅವರು ಅಷ್ಟೇ ದೂರ ಹಿಂದಕ್ಕೆ ಓಡಬೇಕು. ಎರಡು ನಿಮಿಷದ ಮೇಲೆ ಮತ್ತೆ ಅದೇ ಓಟ. ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುತ್ತಿದ್ದರಿಂದ ಪರದೆಯ ಅಂಚಿನಲ್ಲಿ ಒಂದು ಕ್ಷಣ ಅಂಗಿಯ ತುದಿ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಆ ತಂಡದ ಪಾಸ್‌ಗಳ ನೇಯ್ಗೆಯ ಬಗ್ಗೆ ಎಷ್ಟೆಲ್ಲ ಬರೆದಿದ್ದಾರೆ. ಮಗ್ಗದ ಮೇಲೆ ಹಾಸು ಬಿಗಿಯಾಗಿ ಎಳೆದು ಕಟ್ಟಿರದಿದ್ದರೆ ಲಾಳಿ ಆಡುವುದು ಎಲ್ಲಿ? ಬರುವುದಿಲ್ಲ ಎಂದು ಗೊತ್ತಿದ್ದೂ ಬರುತ್ತದೆಂಬಂತೆ ಪೂರ್ತಿ ಮನಸ್ಸಿನಿಂದ ಓಡಬೇಕು. ಅರೆಮನಸ್ಸಿನಿಂದ ಓಡಿದರೆ ಎದುರಾಳಿ ನಂಬುವುದಿಲ್ಲ, ಆ ಎರಡು ಹೆಜ್ಜೆ ಸರಿಯುವುದೂ ಇಲ್ಲ. ಫುಟ್‌ಬಾಲ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಯಾವುದು ಎಂದು ಕೇಳಿದರೆ ಈ ಓಟವನ್ನೇ ಹೇಳುತ್ತೇನೆ.

ಮೊದಲ ಪಂದ್ಯದಲ್ಲೇ ಸ್ವಿಟ್ಜರ್‌ಲೆಂಡ್ ಎದುರು 0-1ರಿಂದ ಸೋತಾಗ ಸ್ಪೇನ್‌ನಲ್ಲಿ ಗಾಬರಿ ಎದ್ದಿತ್ತು. ಆಮೇಲೆ ಹೊಂಡುರಾಸ್, ಚಿಲಿ. ನಾಕೌಟ್ ಹಂತದಲ್ಲಿ ಪೋರ್ಚುಗಲ್, ಪರಗ್ವೆ, ಜರ್ಮನಿ, ನೆದರ್ಲೆಂಡ್ಸ್, ನಾಲ್ಕೂ 1-0. ಪೋರ್ಚುಗಲ್ ಪಂದ್ಯದ ಕೊನೆಯಲ್ಲಿ ರಿಕಾರ್ಡೊ ಕೋಸ್ತಾಗೆ ಕೆಂಪು ಕಾರ್ಡ್ ಬಂದದ್ದು ಕಪ್‌ದೆವಿಲಾ ಮೇಲೆ ಮೊಣಕೈ ಬೀಸಿದ್ದಕ್ಕೆಂದು.

ಫೈನಲ್‌ನಲ್ಲಿ ಕಪ್‌ದೆವಿಲಾ ಬದಿಗೆ ಬಂದವರು ನೆದರ್ಲೆಂಡ್ಸ್‌ನ ಆರ್ಯೆನ್ ರಾಬೆನ್. ಎಡಗಾಲಿನ, ಬಲಬದಿಯ, ಒಳಕ್ಕೆ ತಿರುಗುವ ವಿಂಗರ್‌ಗಳ ಪೈಕಿ ಆ ಹೊತ್ತಿನಲ್ಲಿ ಅವರಷ್ಟು ಭಯ ಹುಟ್ಟಿಸುವವರು ಕಡಿಮೆ. ಹಳದಿ ಕಾರ್ಡ್‌ಗಳ ಸುರಿಮಳೆಯಾದ ಪಂದ್ಯ. ದ್ವಿತೀಯಾರ್ಧದ ನಡುವೆ ಕಪ್‌ದೆವಿಲಾಗೂ ಒಂದು ಬಿತ್ತು. ಇನ್ನೊಂದು ಬಿದ್ದರೆ ಹೊರಗೆ. ಅಲ್ಲಿಂದ ಹೆಚ್ಚುವರಿ ಅವಧಿ ಮುಗಿಯುವವರೆಗೆ ಐವತ್ತು ನಿಮಿಷಕ್ಕೂ ಮಿಕ್ಕಿ ಅವರು ಆ ಬದಿಯನ್ನು ಕಾಯ್ದರು. ತಪ್ಪು ಹೊತ್ತಿನ ಒಂದು ಟ್ಯಾಕಲ್ ಸಾಕಿತ್ತು ವಿಶ್ವಕಪ್ಪೇ ಕೈಬಿಟ್ಟುಹೋಗಲು. ರಾಬೆನ್‌ಗೆ ಸಿಕ್ಕ ಎರಡು ಮಹಾ ಅವಕಾಶಗಳೂ ಬಂದದ್ದು ಮೈದಾನದ ನಡುವಿನಿಂದ. ಒಮ್ಮೆ ಜೊತೆಗಾರ ಸ್ನೈಡರ್ ಪಾಸ್ ಹಿಡಿದು ಒಬ್ಬರೇ ನುಗ್ಗಿದಾಗ ಕಸಿಯಾಸ್ ಕಾಲಿನಿಂದ ತಡೆದರು, ಇನ್ನೊಮ್ಮೆ ಪುಯೋಲ್ ಅವರನ್ನು ಓಟದಲ್ಲಿ ಮೀರಿಸಿದಾಗ ಕೈಯಿಂದ. 116ನೆಯ ನಿಮಿಷದಲ್ಲಿ ಇನಿಯೆಸ್ತಾ ಗೋಲು ಹೊಡೆದರು. ಅಂಗಿ ಕಳಚಿ ಓಡಿದಾಗ ಒಳಬನಿಯನ್ ಮೇಲೆ ದಾನಿ ಹಾರ್ಕೆ ಹೆಸರಿತ್ತು. ಹಿಂದಿನ ವರ್ಷವಷ್ಟೇ ಹಠಾತ್ತನೆ ತೀರಿಕೊಂಡಿದ್ದ ಎಸ್ಪಾನ್ಯೋಲ್ ನಾಯಕ, ಅವರೂ ಡಿಫೆಂಡರ್.

2008ರ ಯೂರೊ ಮತ್ತು 2010ರ ವಿಶ್ವಕಪ್ ಎರಡನ್ನೂ ಸೇರಿಸಿ ಸ್ಪೇನ್ ಏಳು ನಾಕೌಟ್ ಪಂದ್ಯ ಆಡಿತು. ಎಡತುದಿಯಲ್ಲಿ ಏಳರಲ್ಲೂ ಕಪ್‌ದೆವಿಲಾ. ಆ 690 ನಿಮಿಷಗಳಲ್ಲಿ ಸ್ಪೇನ್ ಬಿಟ್ಟುಕೊಟ್ಟ ಗೋಲುಗಳ ಸಂಖ್ಯೆ ಸೊನ್ನೆ. ಈ ಸೊನ್ನೆಯನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ನನಗೆ ಇದು ಇನಿಯೆಸ್ತಾ ಗೋಲಿಗೆ ಸಮ.

ಶಿಖರದಿಂದ ಇಳಿಯುವ ದಾರಿ ಎಲ್ಲರಿಗೂ ಇರುತ್ತದೆ. 2011ರಲ್ಲಿ ಲಿಸ್ಬನ್‌ನ ಬೆನ್ಫಿಕಾಗೆ ಹೋದರು. ವಿಶ್ವ ಚಾಂಪಿಯನ್ ಆಗಿದ್ದವರಿಗೆ ಅಲ್ಲಿ ಆಡುವ ಅವಕಾಶ ಬಹಳ ಕಡಿಮೆ ಸಿಕ್ಕಿತು, ಚಾಂಪಿಯನ್ಸ್ ಲೀಗ್ ಪಟ್ಟಿಯಲ್ಲೂ ಹೆಸರಿರಲಿಲ್ಲ. ಅವರಿಲ್ಲದ ವಿಯಾರಿಯಲ್ ಆ ಋತುವಿನಲ್ಲೇ ಎರಡನೆಯ ದರ್ಜೆಗೆ ಜಾರಿತು. ಸ್ಪೇನ್ ತಂಡದ ಎಡತುದಿಗೆ ಜೋರ್ದಿ ಅಲ್ಬಾ ಎಂಬ ಚುರುಕು ಹುಡುಗ ಬಂದಾಗಿತ್ತು. 2012ರಲ್ಲಿ ಕಪ್‌ದೆವಿಲಾ ಎಸ್ಪಾನ್ಯೋಲ್‌ಗೇ ಮರಳಿದರು. ತಾವು ಶುರುಮಾಡಿದಾಗ ಜೊತೆಯಲ್ಲಿ ಡಿಫೆಂಡರ್ ಆಗಿದ್ದ ಅರ್ಜೆಂಟೀನಾದ ಪೊಚೆಟಿನೊ ಈಗ ತರಬೇತುದಾರರಾಗಿ ನಿಂತಿದ್ದರು. ಕ್ರೀಡಾಂಗಣವೂ ಹೊಸದು. ಎರಡು ವರ್ಷ ಅಲ್ಲಿ ಆಡಿದರು.

ಆಮೇಲೆ ಬಂದದ್ದು ಗುವಾಹಟಿಗೆ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಎಂಟು ತಂಡಗಳೂ ಒಬ್ಬೊಬ್ಬ ಹೆಸರಾಂತ ವಿದೇಶಿ ಆಟಗಾರನನ್ನು ಮಾರ್ಕೀ ಎಂದು ಕರೆತಂದವು. ದೆಲ್ ಪಿಯೆರೊ, ತ್ರೆಸೆಗೆ, ಪಿರೆಸ್, ಯೂಂಗ್‌ಬರ್ಗ್, ಲೂಯಿಸ್ ಗಾರ್ಸಿಯಾ, ಎಲಾನೊ ಎಲ್ಲರೂ ದಾಳಿಯ ಆಟಗಾರರು. ಕೇರಳಕ್ಕೆ ಬಂದ ಡೇವಿಡ್ ಜೇಮ್ಸ್ ಗೋಲ್‌ಕೀಪರ್. ಪೋಸ್ಟರ್ ಮೇಲೆ ಹಾಕಲು ಡಿಫೆಂಡರ್ ಒಬ್ಬನನ್ನು ಆರಿಸಿಕೊಂಡದ್ದು ನಾರ್ತ್ಈಸ್ಟ್ ಯುನೈಟೆಡ್ ಮಾತ್ರ. ಈಶಾನ್ಯದ ಜನಕ್ಕೆ ಫುಟ್‌ಬಾಲ್ ಎಷ್ಟು ಗೊತ್ತು ಎನ್ನುವುದಕ್ಕೆ ಇದನ್ನೂ ಒಂದು ಸಾಕ್ಷಿಯಾಗಿ ನಾನು ಎಣಿಸುತ್ತೇನೆ. ಮಣಿಪುರ, ಮಿಜೋರಾಂ, ಮೇಘಾಲಯದ ಹುಡುಗರು ಎಲ್ಲ ತಂಡಗಳಲ್ಲೂ ಇರುತ್ತಾರೆ. ಆದರೆ ಇದು ಅವರ ನೆಲದ ತಂಡ. ಮಾಲೀಕರು ನಟ ಜಾನ್ ಅಬ್ರಹಾಂ, ತರಬೇತುದಾರರು ನ್ಯೂಜಿಲೆಂಡ್‌ನ ರಿಕಿ ಹರ್ಬರ್ಟ್. 2010ರ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಸೋಲದ ತಂಡ ಯಾವುದು ಗೊತ್ತೇ? ಕಪ್ ಗೆದ್ದ ಸ್ಪೇನ್ ಅಲ್ಲ, ಮೂರೂ ಪಂದ್ಯ ಡ್ರಾ ಮಾಡಿಕೊಂಡು ಮೊದಲ ಸುತ್ತಿನಲ್ಲೇ ಮನೆಗೆ ಹೋದ ಹರ್ಬರ್ಟ್ ಅವರ ನ್ಯೂಜಿಲೆಂಡ್. ಆ ನ್ಯೂಜಿಲೆಂಡ್‌ನ ತರಬೇತುದಾರ, ಈ ಸ್ಪೇನ್‌ನ ಚಾಂಪಿಯನ್ ನಾಲ್ಕು ವರ್ಷದ ಮೇಲೆ ಬ್ರಹ್ಮಪುತ್ರದ ದಡದ ಊರಿನಲ್ಲಿ ಒಂದೇ ತಂಡಕ್ಕೆ ಸೇರಿದರು.

ಅಕ್ಟೋಬರ್ 13ರಂದು ಇಂದಿರಾ ಗಾಂಧಿ ಅಥ್ಲೆಟಿಕ್ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು 1-0 ಗೆಲುವಿನೊಂದಿಗೆ ತಂಡ ಶುರುಮಾಡಿತು. ಮುಗಿಸಿದ್ದು ಮಾತ್ರ ಎಂಟನೆಯ, ಅಂದರೆ ಕೊನೆಯ ಸ್ಥಾನದಲ್ಲಿ. ಸೋಲು ಗೆಲುವಿನ ಲೆಕ್ಕವನ್ನು ಅಲ್ಲಿಗೇ ಬಿಡೋಣ. ರಾಬೆನ್ ಎದುರು ನಿಂತ ಅದೇ ಓರೆ ನಿಲುವನ್ನು, ಅದೇ ಎಡಗಾಲನ್ನು, ಗುವಾಹಟಿಯ ಗ್ಯಾಲರಿಯಲ್ಲಿ ಕುಳಿತ ಹುಡುಗರು ಕಣ್ಣೆದುರಿಗೇ ನೋಡಿದರು. ಟಿವಿ ಕ್ಯಾಮೆರಾ ತೋರಿಸದ ಓಟ ಗ್ಯಾಲರಿಯಿಂದ ಪೂರ್ತಿ ಕಾಣುತ್ತದೆ.

ಹೀಗೆ ಅಲೆಯುವ ಸ್ಪೇನ್ ಡಿಫೆಂಡರ್‌ಗಳನ್ನು ಬೆಂಗಳೂರೂ ಹತ್ತಿರದಿಂದ ಬಲ್ಲದು. 2016ರಿಂದ ಹಲವು ವರ್ಷ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ರಕ್ಷಣೆಯ ನಡುಗಂಬವಾಗಿದ್ದ ಹುವಾನನ್ ಇಲ್ಲಿನ ಪಶ್ಚಿಮ ಗ್ಯಾಲರಿಯವರಿಗೆ ಮನೆಯವರಂತೆ. ಮುಂದೆ ಅವರು ಹೈದರಾಬಾದ್‌ಗೆ ಹೋಗಿ 2022ರಲ್ಲಿ ಅಲ್ಲೂ ಕಪ್ ಎತ್ತಿದರು. ಬೆಂಗಳೂರಿನಲ್ಲಿ ಅವರ ಜೊತೆಗೆ ಆಡಿದ ಆಲ್ಬರ್ಟ್ ಸೆರಾನ್ ಕೂಡ ಕಪ್‌ದೆವಿಲಾ ಹಾಗೆಯೇ ಎಸ್ಪಾನ್ಯೋಲ್‌ನಿಂದ ಹೊರಟವರು. ವೇಲ್ಸ್‌ನ ಸ್ವಾನ್ಸಿ, ಸೈಪ್ರಸ್ ಎಲ್ಲ ಸುತ್ತಿ ಇಲ್ಲಿಗೆ ಬಂದಿದ್ದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಬೆಂಗಳೂರು ಮೊದಲ ಸಲ ಸೂಪರ್ ಲೀಗ್ ಗೆದ್ದಾಗ ಗೋಲು ಬಂದದ್ದು ಹೆಚ್ಚುವರಿ ಅವಧಿಯ ಕೊನೆಯಲ್ಲಿ, ರಾಹುಲ್ ಭೆಕೆ ತಲೆಯಿಂದ. ಅವರೂ ಡಿಫೆಂಡರ್ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಗುವಾಹಟಿಯಿಂದ ಹೋದ ಕಪ್‌ದೆವಿಲಾ ಸ್ವಲ್ಪ ಕಾಲ ಬೆಲ್ಜಿಯಂನ ಲಿಯರ್ಸ್ ಕ್ಲಬ್‌ಗೆ ಆಡಿದರು. ಕೊನೆಯ ನಿಲ್ದಾಣ ಅಂಡೋರಾದ ಸಾಂಟಾ ಕೊಲೋಮಾ. ಸ್ಪೇನ್ ಮತ್ತು ಫ್ರಾನ್ಸ್ ನಡುವೆ, ಪಿರೆನೀಸ್ ಪರ್ವತದ ಮಡಿಲಲ್ಲಿರುವ ಪುಟ್ಟ ದೇಶ. ಜನಸಂಖ್ಯೆ ಒಂದು ಲಕ್ಷವೂ ಇಲ್ಲ. 2017ರಲ್ಲಿ ಆಟ ನಿಲ್ಲಿಸುವ ಹೊತ್ತಿಗೆ ಅವರಿಗೆ ಮೂವತ್ತೊಂಬತ್ತು.

ಭೂಪಟ ತೆಗೆದು ನೋಡಿದರೆ ಲೇಯ್ದಾ ಪ್ರಾಂತ್ಯದ ಉತ್ತರದ ಗಡಿಗೆ ಅಂಡೋರಾ ತಾಗಿಕೊಂಡಿದೆ. ತಾರೆಗಾ ಇರುವುದು ಅದೇ ಪ್ರಾಂತ್ಯದಲ್ಲಿ. ಕ್ಯಾಟಲನ್ ಒಂದೇ ಅಧಿಕೃತ ಭಾಷೆಯಾಗಿರುವ ದೇಶ ಜಗತ್ತಿನಲ್ಲಿ ಅಂಡೋರಾ ಬಿಟ್ಟರೆ ಇನ್ನೊಂದಿಲ್ಲ. ಮ್ಯಾಡ್ರಿಡ್, ಲಿಸ್ಬನ್, ಗುವಾಹಟಿ, ಬೆಲ್ಜಿಯಂ ಸುತ್ತಿ ಬಂದವರಿಗೆ ಅಲ್ಲಿ ‘ಹಿಂದೆ ಬಂದ’ ಎಂದು ಕೂಗಲು ಹೊಸ ಶಬ್ದ ಕಲಿಯಬೇಕಾಗಿರಲಿಲ್ಲ.